ಸರ್ವರಿನಲ್ಲಿ ಒಡೆದ ಒತ್ತಕ್ಷರ

ಹೆಸರು ಕೊಟ್ಟರೆ ಕನ್ನಡದಲ್ಲಿ ಪ್ರಮಾಣಪತ್ರದ ಚಿತ್ರ ಮಾಡಿಕೊಡುವ ವೆಬ್ ಸೇವೆಯೊಂದನ್ನು ಪೈಥಾನ್ ಭಾಷೆಯಲ್ಲಿ ಬರೆದಿದ್ದೀರಿ ಎಂದುಕೊಳ್ಳಿ. ಚಿತ್ರ ಬಿಡಿಸುವ ಹೊಣೆ ಪಿಲ್ಲೋ ಎಂಬ ಲೈಬ್ರರಿಯದು. ಲ್ಯಾಪ್‌ಟಾಪಿನಲ್ಲಿ ‘ಕೃಷ್ಣಪ್ಪ’ ಎಂದು ಕೊಟ್ಟರೆ ಷಕಾರಕ್ಕೆ ಣಕಾರದ ಒತ್ತು, ಪಕಾರಕ್ಕೆ ಪಕಾರದ ಒತ್ತು, ಎಲ್ಲವೂ ಸರಿಯಾಗಿ ಬರುತ್ತವೆ. ಅದೇ ಪ್ರೋಗ್ರಾಮು, ಅದೇ ಫಾಂಟು, ಪಿಲ್ಲೋದ ಅದೇ ಆವೃತ್ತಿ ಸರ್ವರಿಗೆ ಹೋದ ಮೇಲೆ ಮಾತ್ರ ‘ಕೃಷ್‌ಣಪ್‌ಪ’ ಎಂದು ಮೂಡುತ್ತದೆ. ಎಲ್ಲಿಯೂ ಎಚ್ಚರಿಕೆಯ ಸಂದೇಶವಿಲ್ಲ. ಕೆಲಸ ಯಶಸ್ವಿಯಾಗಿ ಮುಗಿಯಿತೆಂದೇ ಸೇವೆ ವರದಿ ಕೊಡುತ್ತದೆ.

ಕಾರಣ ಹುಡುಕುತ್ತ ಹೋದರೆ ಕೊನೆಗೆ ಎದುರಾಗುವುದು ಫ್ರಿಬಿಡಿ ಎಂಬ ಪುಟ್ಟ ಲೈಬ್ರರಿ. ಬಲದಿಂದ ಎಡಕ್ಕೆ ಸಾಗುವ ಅರಬ್ಬಿ, ಹೀಬ್ರೂ ಬರಹಗಳನ್ನು ಎಡದಿಂದ ಬಲಕ್ಕೆ ಸಾಗುವ ಬರಹದ ಜೊತೆ ಸರಿಯಾದ ಕ್ರಮದಲ್ಲಿ ಕೂರಿಸುವುದು ಅದರ ಕೆಲಸ. ಕನ್ನಡಕ್ಕೆ ಆ ಕೆಲಸದ ಅಗತ್ಯವೇ ಇಲ್ಲ. ಆದರೂ ಅದು ಇಲ್ಲದ ಕಡೆ ಕನ್ನಡ ಒಡೆಯುತ್ತದೆ.

ಇದು ಹೇಗೆ ಆಗುತ್ತದೆಂದು ತಿಳಿಯಲು ಅಕ್ಷರ ಜೋಡಣೆಯನ್ನು ಸ್ವಲ್ಪ ಬಿಡಿಸಿ ನೋಡಬೇಕು. ‘ಕನ್ನಡ’ ಎಂಬ ಪದ ಕಂಪ್ಯೂಟರಿನೊಳಗೆ 5 ಸಂಕೇತಗಳ ಸಾಲಾಗಿ ಇರುತ್ತದೆ: ಕ, ನ, ಅರ್ಧಾಕ್ಷರ ಮಾಡುವ ಚಿಹ್ನೆ, ಮತ್ತೆ ನ, ಕೊನೆಗೆ ಡ. ನಡುವಿನ 3 ಸಂಕೇತಗಳು ಕೂಡಿ ಒಂದೇ ‘ನ್ನ’ ಆಗಬೇಕೆಂಬ ಲೆಕ್ಕಾಚಾರವನ್ನು ಹಾರ್ಫ್‌ಬಜ್ ಎಂಬ ಲೈಬ್ರರಿ ಮಾಡುತ್ತದೆ. ಫೈರ್‌ಫಾಕ್ಸ್, ಕ್ರೋಮ್, ಆಂಡ್ರಾಯ್ಡ್, ಲಿಬ್ರೆಆಫೀಸ್ ಎಲ್ಲವೂ ಇದನ್ನೇ ನೆಚ್ಚಿವೆ. ಈ ಲೇಖನವನ್ನು ನೀವು ಮೊಬೈಲಿನಲ್ಲಿ ಓದುತ್ತಿದ್ದರೆ ಇಲ್ಲಿನ ಒತ್ತಕ್ಷರಗಳನ್ನು ಬಹುಶಃ ಅದೇ ಕೂಡಿಸಿದೆ. ಪಿಲ್ಲೋ ಹಾರ್ಫ್‌ಬಜ್ ಅನ್ನು ನೇರವಾಗಿ ಕರೆಯುವುದಿಲ್ಲ. ರಕ್ಮ್ ಎಂಬ ಇನ್ನೊಂದು ಲೈಬ್ರರಿಯನ್ನು ಕರೆಯುತ್ತದೆ; ರಕ್ಮ್ ಹಾರ್ಫ್‌ಬಜ್ ಮತ್ತು ಫ್ರಿಬಿಡಿ ಎರಡನ್ನೂ ಬಳಸುತ್ತದೆ. 8.2 ಆವೃತ್ತಿಯಿಂದ ಈಚೆಗೆ ಪಿಲ್ಲೋದ ಸಿದ್ಧ ಕಟ್ಟಿನೊಳಗೇ ರಕ್ಮ್ ಸೇರಿಕೊಂಡಿದೆ, ಆದರೆ ಫ್ರಿಬಿಡಿ ಸೇರಿಲ್ಲ. ಪ್ರೋಗ್ರಾಮು ಓಡುವಾಗ ಆ ಯಂತ್ರದಲ್ಲಿ ಫ್ರಿಬಿಡಿ ಇದೆಯೇ ಎಂದು ಹುಡುಕಲಾಗುತ್ತದೆ. ಸಿಗದಿದ್ದರೆ ರಕ್ಮ್ ಅನ್ನೇ ಬದಿಗಿಟ್ಟು, ಒಂದರ ಪಕ್ಕ ಒಂದು ಅಕ್ಷರ ಇಡುವ ಸರಳ ಜೋಡಣೆಗೆ ಪಿಲ್ಲೋ ಇಳಿಯುತ್ತದೆ. ಡೆಸ್ಕ್‌ಟಾಪ್ ಲಿನಕ್ಸ್‌ನಲ್ಲಿ ಫ್ರಿಬಿಡಿ ಸಾಮಾನ್ಯವಾಗಿ ಮೊದಲೇ ಇರುತ್ತದೆ. ಕಿಟಕಿ, ಗುಂಡಿಗಳ ಮೇಲಿನ ಬರಹಕ್ಕೆ ಅದು ಬೇಕು. ಪರದೆಯೇ ಇಲ್ಲದ, ಆದಷ್ಟು ಸಣ್ಣದಾಗಿ ಕತ್ತರಿಸಿದ ಸರ್ವರ್ ಪರಿಸರದಲ್ಲಿ ಅದನ್ನು ಯಾರೂ ಹಾಕಿರುವುದಿಲ್ಲ.

ಇಂಗ್ಲಿಷ್ ಹೆಸರುಗಳಿಗೆ ಸರಳ ಜೋಡಣೆಯೇ ಸಾಕು. ಹಾಗಾಗಿ ಇಂಗ್ಲಿಷಿನಲ್ಲಷ್ಟೇ ಪರೀಕ್ಷೆ ಮಾಡುವವರ ಕಣ್ಣಿಗೆ ಈ ತೊಂದರೆ ಎಂದೂ ಬೀಳುವುದಿಲ್ಲ. ನಮ್ಮ ಲಿಪಿಗೆ ತಟ್ಟುವ ಎಷ್ಟೋ ದೋಷಗಳು ಹೀಗೆಯೇ ದಾಟಿಹೋಗುತ್ತವೆ.

ಈಗ ಇದರ ಹಿಂದಿನ ತತ್ವಕ್ಕೆ ಬರೋಣ. ಪ್ರೋಗ್ರಾಮರ್ ಬರೆಯುವುದು ಮನುಷ್ಯರು ಓದಬಲ್ಲ ಮೂಲ ಬರಹ. ಕಂಪೈಲರ್ ಅದನ್ನು ಯಂತ್ರದ ಆದೇಶಗಳಾಗಿ ಬದಲಿಸುತ್ತದೆ. ಹೀಗೆ ಬದಲಿಸಿ, ಬೇರೆಯವರೂ ಬಳಸಲಿ ಎಂದು ಕಟ್ಟಿಟ್ಟ ಕಡತವೇ ಕಂಪೈಲಾದ ಲೈಬ್ರರಿ. ವಿಂಡೋಸ್‌ನಲ್ಲಿ ಅದು ಡಿಎಲ್‌ಎಲ್ ಕಡತ, ಜಾವಾದಲ್ಲಿ ಜಾರ್ ಕಡತ. ನಿಮ್ಮ ಪ್ರೋಗ್ರಾಮು ಅಂಥದೊಂದಕ್ಕೆ ರೆಫರೆನ್ಸ್ ಕೊಟ್ಟಾಗ ಸಾಮಾನ್ಯವಾಗಿ ಆ ಕಡತದ ಒಡಲೇನೂ ನಿಮ್ಮದರೊಳಗೆ ಬಂದು ಕೂರುವುದಿಲ್ಲ. ಅದರ ಹೆಸರು, ಕೆಲವೊಮ್ಮೆ ಆವೃತ್ತಿಯ ಸಂಖ್ಯೆ, ಅದರಿಂದ ಬೇಕಾದ ಫಂಕ್ಷನ್‌ಗಳ ಹೆಸರುಗಳು, ಇಷ್ಟು ಮಾತ್ರ ದಾಖಲಾಗುತ್ತವೆ. ಮದುವೆಮನೆಗೆ ಅಡುಗೆಯವರು ಬರೆದುಕೊಡುವ ಸಾಮಾನಿನ ಚೀಟಿಯ ಹಾಗೆ ಇದು: ಚೀಟಿಯಲ್ಲಿ ಬೆಲ್ಲ ಎಂದಿದ್ದ ಮಾತ್ರಕ್ಕೆ ಉಗ್ರಾಣದಲ್ಲಿ ಬೆಲ್ಲ ಇರಬೇಕೆಂದಿಲ್ಲ. ದಾಖಲಾದ ಹೆಸರಿಗೆ ತಕ್ಕ ಕಡತವನ್ನು ಹುಡುಕುವ ಕೆಲಸ ನಡೆಯುವುದು ಸೇವೆ ಓಡುವ ಯಂತ್ರದಲ್ಲಿ, ಓಡುವ ಹೊತ್ತಿನಲ್ಲಿ.

ಮೊದಮೊದಲು ಹೀಗಿರಲಿಲ್ಲ. ಕೇಂಬ್ರಿಜ್ ವಿಶ್ವವಿದ್ಯಾಲಯದ ಎಡ್‌ಸ್ಯಾಕ್ ಕಂಪ್ಯೂಟರು 1949ರ ಮೇ ತಿಂಗಳಲ್ಲಿ ಕೆಲಸ ಶುರುಮಾಡಿತು. ಪದೇಪದೇ ಬೇಕಾಗುವ ಲೆಕ್ಕಗಳನ್ನು ಪ್ರತಿಸಲ ಹೊಸದಾಗಿ ಬರೆದರೆ ತಪ್ಪುಗಳು ಹೆಚ್ಚುತ್ತವೆಂದು ಮಾರಿಸ್ ವಿಲ್ಕ್ಸ್, ಡೇವಿಡ್ ವೀಲರ್, ಸ್ಟ್ಯಾನ್ಲಿ ಗಿಲ್ ಅವರಿಗೆ ಬೇಗನೆ ಅರಿವಾಯಿತು. ಅವರು ಅಂಥ ಲೆಕ್ಕಗಳನ್ನು ತೂತು ಹೊಡೆದ ಕಾಗದದ ಪಟ್ಟಿಗಳಲ್ಲಿ ಸಿದ್ಧಮಾಡಿ ಬೀರುವಿನಲ್ಲಿ ಇಟ್ಟರು. 1951ರ ಹೊತ್ತಿಗೆ 87 ಸಿದ್ಧ ಲೆಕ್ಕಗಳು ಅಲ್ಲಿದ್ದವು. ಬೇಕಾದವರು ಪಟ್ಟಿ ತೆಗೆದು, ಯಂತ್ರದ ಸಹಾಯದಿಂದ ತಮ್ಮ ಪ್ರೋಗ್ರಾಮಿನ ಪಟ್ಟಿಗೇ ಅದರ ನಕಲು ಇಳಿಸಿಕೊಳ್ಳುತ್ತಿದ್ದರು. ಕಂಪ್ಯೂಟರಿಗೆ ಹೋಗುವ ಪಟ್ಟಿಯಲ್ಲಿ ಎಲ್ಲವೂ ಸೇರಿಯೇ ಇರುತ್ತಿತ್ತು. ಓಡುವಾಗ ಹುಡುಕಬೇಕಾದ ಪ್ರಮೇಯವೇ ಇರಲಿಲ್ಲ.

ಹೀಗೆ ಎಲ್ಲವನ್ನೂ ಒಳಗೆ ಸೇರಿಸಿಕೊಂಡರೆ ಸುರಕ್ಷಿತ, ಆದರೆ ಪ್ರತಿ ಪ್ರೋಗ್ರಾಮೂ ಅದೇ ಸರಕಿನ ಪ್ರತಿಯೊಂದನ್ನು ಹೊತ್ತು ತಿರುಗಬೇಕು. ಮೆಮೊರಿ, ಡಿಸ್ಕ್ ಎರಡೂ ದುಬಾರಿಯಾಗಿದ್ದ ಕಾಲದಲ್ಲಿ ಅದು ತಾಳುವಂಥದಾಗಿರಲಿಲ್ಲ. ಒಂದೇ ಲೈಬ್ರರಿಯನ್ನು ಎಲ್ಲರೂ ಹಂಚಿಕೊಳ್ಳುವ ಪದ್ಧತಿ ಹಾಗೆ ಬೇರೂರಿತು. 1985ರ ಮೊದಲ ವಿಂಡೋಸ್ ಆ ಪದ್ಧತಿಯ ಮೇಲೆಯೇ ನಿಂತಿತ್ತು. ಹಂಚಿಕೊಂಡದ್ದರ ಕಷ್ಟ ಮುಂದಿನ ದಶಕದಲ್ಲಿ ಕಂಡಿತು. ಹೊಸ ತಂತ್ರಾಂಶವೊಂದನ್ನು ಹಾಕಿದರೆ ಅದು ಹಂಚಿಕೆಯ ಡಿಎಲ್‌ಎಲ್ ಅನ್ನು ತನಗೆ ಬೇಕಾದ ಆವೃತ್ತಿಯಿಂದ ತುಳಿದುಬಿಡುತ್ತಿತ್ತು, ಅದೇ ಡಿಎಲ್‌ಎಲ್ ನಂಬಿದ್ದ ಹಳೆಯದೊಂದು ನಿಂತುಹೋಗುತ್ತಿತ್ತು. ಈ ಅವಸ್ಥೆಗೆ ಪ್ರೋಗ್ರಾಮರುಗಳು ‘ಡಿಎಲ್‌ಎಲ್ ನರಕ’ ಎಂದು ಹೆಸರಿಟ್ಟರು.

2002ರಲ್ಲಿ ಬಂದ ಮೈಕ್ರೋಸಾಫ್ಟ್‌ನ ಡಾಟ್‌ನೆಟ್ ಫ್ರೇಮ್‌ವರ್ಕ್ ಇದಕ್ಕೆ ಗಂಭೀರವಾದ ಉತ್ತರ ಹುಡುಕಿತು. ಲೈಬ್ರರಿಯ ಗುರುತು ಬರೀ ಕಡತದ ಹೆಸರಲ್ಲ. ಹೆಸರು, 4 ಭಾಗಗಳ ಆವೃತ್ತಿ ಸಂಖ್ಯೆ, ಭಾಷೆ, ಸಹಿ ಮಾಡಿದವರ ಕೀಲಿಯ ಗುರುತು, ಈ ನಾಲ್ಕೂ ಸೇರಿದರೇ ಪೂರ್ಣ ಗುರುತು. ಇಂಥ ಬಿಗಿ ಹೆಸರಿನ ಲೈಬ್ರರಿಯ 1.0 ಆವೃತ್ತಿಗೆ ರೆಫರೆನ್ಸ್ ಕೊಟ್ಟಿದ್ದರೆ, ಸೆಟ್ಟಿಂಗ್ಸ್ ಕಡತದಲ್ಲಿ ಬರೆದು ಒಪ್ಪಿಗೆ ಕೊಡುವ ತನಕ 1.1 ಅನ್ನು ಅದು ಒಪ್ಪುವುದಿಲ್ಲ. ವೆಬ್ ಸೇವೆಗಳಿಗಂತೂ ವ್ಯವಸ್ಥೆ ಸೊಗಸಾಗಿತ್ತು. ಸೇವೆಯ ಫೋಲ್ಡರಿನೊಳಗೆ ‘ಬಿನ್’ ಎಂಬ ಉಪಫೋಲ್ಡರ್, ಬೇಕಾದ ಡಿಎಲ್‌ಎಲ್‌ಗಳನ್ನೆಲ್ಲ ಅದರೊಳಗೆ ನಕಲು ಮಾಡಿದರೆ ಡಿಪ್ಲಾಯ್, ಅಂದರೆ ಸೇವೆಯನ್ನು ಸರ್ವರಿಗೆ ಸಾಗಿಸುವ ಕೆಲಸ, ಮುಗಿಯಿತು. ಅಲ್ಲಿ ಕಡತ ಬದಲಾದರೆ ಸೇವೆ ತಾನಾಗಿಯೇ ಹೊಸದನ್ನು ಎತ್ತಿಕೊಳ್ಳುತ್ತದೆ.

ಆದರೂ ಡಿಪ್ಲಾಯ್ ಆದ ಮೇಲೆ ‘ಕಡತ ಸಿಗಲಿಲ್ಲ’ ಎಂಬ ದೋಷ ಕಾಣದ ಡಾಟ್‌ನೆಟ್ ಪ್ರೋಗ್ರಾಮರ್ ಸಿಗುವುದು ಕಷ್ಟ. ಡಾಟ್‌ನೆಟ್ ಫ್ರೇಮ್‌ವರ್ಕ್‌ನಲ್ಲಿ ಇಡೀ ಯಂತ್ರಕ್ಕೆ ಸೇರಿದ ಒಂದು ಸಾಮೂಹಿಕ ಲೈಬ್ರರಿ ಭಂಡಾರವೂ ಇದೆ. ಅಭಿವೃದ್ಧಿ ಮಾಡುವವರ ಯಂತ್ರದಲ್ಲಿ ಯಾವುದೋ ಉಪಕರಣವನ್ನು ಹಾಕಿದಾಗ ಅದರ ಡಿಎಲ್‌ಎಲ್‌ಗಳು ಆ ಭಂಡಾರ ಸೇರಿರುತ್ತವೆ. ಡಾಟ್‌ನೆಟ್ ಪ್ರೋಗ್ರಾಮು ಬರೆಯಲು ಬಳಸುವ ವಿಷುಯಲ್ ಸ್ಟುಡಿಯೋ ‘ಹೇಗೂ ಯಂತ್ರದಲ್ಲಿ ಇದೆಯಲ್ಲ’ ಎಂದು ಅವನ್ನು ಬಿನ್‌ಗೆ ನಕಲು ಮಾಡದೆ ಬಿಡುತ್ತದೆ. ‘ಕಾಪಿ ಲೋಕಲ್’ ಎಂಬ ಗುಣವನ್ನು ಕೈಯಾರೆ ಬದಲಿಸಿದರೆ ಮಾತ್ರ ಅವು ಜೊತೆಗೆ ಹೊರಡುತ್ತವೆ. ಇಲ್ಲಿ ಕಂಪೈಲ್ ಸರಾಗವಾಗಿ ಆಗುತ್ತದೆ, ಆದರೆ ಆ ಉಪಕರಣವನ್ನೇ ಹಾಕದ ಸರ್ವರಿನಲ್ಲಿ ಹೆಸರಿಗೆ ಒಡೆಯನಿಲ್ಲ.

ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಡಾಟ್‌ನೆಟ್ ಲೈಬ್ರರಿಗಳನ್ನೆಲ್ಲ ಆರಂಭದಲ್ಲೇ ತೆರೆಯುವುದಿಲ್ಲ. ಒಂದು ಲೈಬ್ರರಿಯನ್ನು ಬಳಸುವ ಫಂಕ್ಷನ್ ಮೊದಲ ಸಲ ಓಡಬೇಕಾದಾಗ ಮಾತ್ರ ಅದನ್ನು ಹುಡುಕುತ್ತದೆ. ತಿಂಗಳ ಕೊನೆಗೆ ಒಮ್ಮೆ ಓಡುವ ವರದಿಗೆ ಮಾತ್ರ ಬೇಕಾದ ಡಿಎಲ್‌ಎಲ್ ಬಿನ್‌ನಲ್ಲಿ ಇಲ್ಲದಿದ್ದರೆ ಸೇವೆ ತಿಂಗಳಿಡೀ ಆರೋಗ್ಯವಾಗಿರುವಂತೆ ಕಾಣುತ್ತದೆ. ವರದಿ ಕೇಳಿದ ದಿನ ಬೀಳುತ್ತದೆ.

ನನ್ನ ದೃಢವಾದ ಅಭಿಪ್ರಾಯ ಇಷ್ಟು: ಬೇಕಾದ ಲೈಬ್ರರಿಗಳೆಲ್ಲ ಇವೆಯೇ ಎಂದು ಸೇವೆ ಏಳುವಾಗಲೇ, ಅದು ನೆಲೆಸುವ ಯಂತ್ರದಲ್ಲೇ ಕೇಳಬೇಕು, ಇಲ್ಲದಿದ್ದರೆ ಏಳಲು ನಿರಾಕರಿಸಬೇಕು. ಗದ್ದಲ ಮಾಡಿ ಬೀಳುವ ಸೇವೆಯನ್ನು ಐದು ನಿಮಿಷದಲ್ಲಿ ಎಬ್ಬಿಸಬಹುದು. ಸದ್ದಿಲ್ಲದೆ ತಪ್ಪು ಕೆಲಸ ಮಾಡುವ ಸೇವೆ ಸಾವಿರಾರು ಮಂದಿಯ ಹೆಸರನ್ನು ಒಡೆದು ಅಚ್ಚುಮಾಡಿದ ಮೇಲೆಯೇ ಸಿಕ್ಕಿಬೀಳುತ್ತದೆ. ಪಿಲ್ಲೋದಲ್ಲಿ ರಕ್ಮ್ ಇದೆಯೇ ಎಂದು ಕೇಳಲು ಒಂದು ಸಾಲಿನ ಪರೀಕ್ಷೆ ಇದೆ. ಇನ್ನೂ ಒಂದು ಉಪಾಯವಿದೆ: ಬರಹ ಮೂಡಿಸುವಾಗ ಭಾಷೆ ಕನ್ನಡ ಎಂದು ಹೇಳಿಬಿಟ್ಟರೆ, ರಕ್ಮ್ ಇಲ್ಲದ ಕಡೆ ಪಿಲ್ಲೋ ಸುಮ್ಮನೆ ಸರಳ ಜೋಡಣೆಗೆ ಇಳಿಯದೆ ದೋಷ ಎತ್ತಿ ನಿಲ್ಲುತ್ತದೆ.

2013ರಿಂದ ಡಾಕರ್‌ನಂಥ ಕಂಟೇನರ್‌ಗಳು ಹರಡಿದ ಮೇಲೆ ಸೇವೆಯ ಜೊತೆಗೆ ಅದರ ಲೈಬ್ರರಿಗಳನ್ನೆಲ್ಲ ಒಂದೇ ಕಟ್ಟಿನಲ್ಲಿ ಕಳಿಸುವುದು ರೂಢಿಯಾಗಿದೆ. ಎಡ್‌ಸ್ಯಾಕ್‌ನ ಕಾಗದದ ಪಟ್ಟಿಯ ಪದ್ಧತಿಯೇ ದೊಡ್ಡ ಗಾತ್ರದಲ್ಲಿ ಮರಳಿತು ಎನ್ನಬಹುದು. ಲ್ಯಾಪ್‌ಟಾಪಿನಲ್ಲಿ ಪರೀಕ್ಷಿಸಿದ ಕಟ್ಟೇ ಸರ್ವರಿನಲ್ಲಿ ಓಡುವುದರಿಂದ ‘ನನ್ನ ಯಂತ್ರದಲ್ಲಿ ಸರಿಯಿತ್ತಲ್ಲ’ ಎಂಬ ಗೋಳು ಬಹಳಷ್ಟು ಕಡಿಮೆಯಾಗಿದೆ. ಅದರ ಬೆಲೆಯೂ ಚಿಕ್ಕದಲ್ಲ, ಅದನ್ನು ಎರಡು ಘಟನೆಗಳು ತೋರಿಸಿವೆ.

2014ರ ಏಪ್ರಿಲ್‌ನಲ್ಲಿ ಓಪನ್‌ಎಸ್‌ಎಸ್‌ಎಲ್ ಲೈಬ್ರರಿಯ ಹಾರ್ಟ್‌ಬ್ಲೀಡ್ ದೋಷ ಬಯಲಾಯಿತು. ಜಾಲತಾಣಗಳ ಗುಟ್ಟಿನ ಸಂವಹನವನ್ನು ಕಾಯುವ ಲೈಬ್ರರಿ ಅದು. ಒಂದು ಚಿಕ್ಕ ಕೋರಿಕೆ ಕಳಿಸಿದರೆ ಸರ್ವರಿನ ಮೆಮೊರಿಯಿಂದ 64 ಕಿಲೋಬೈಟ್‌ನಷ್ಟು ಮಾಹಿತಿ ಹೊರಬರುತ್ತಿತ್ತು. ಅದರಲ್ಲಿ ಪಾಸ್‌ವರ್ಡು, ಗೂಢಲಿಪಿಯ ಕೀಲಿ, ಏನು ಬೇಕಾದರೂ ಇರಬಹುದಿತ್ತು. ಲೈಬ್ರರಿ ಹಂಚಿಕೆಯದಾಗಿದ್ದ ಯಂತ್ರಗಳಲ್ಲಿ ಒಂದು ಪ್ಯಾಕೇಜನ್ನು ಹೊಸದಾಗಿಸಿದರೆ ಅದನ್ನು ನೆಚ್ಚಿದ ಸೇವೆಗಳಿಗೆಲ್ಲ ಪರಿಹಾರ ಸಿಕ್ಕಿತು. ಆದರೆ ಒಂದು ಷರತ್ತು ಇತ್ತು. ಆಗಲೇ ಓಡುತ್ತಿದ್ದ ಸೇವೆ ಹಳೆಯ ಲೈಬ್ರರಿಯನ್ನು ಮೆಮೊರಿಗೆ ತಂದುಕೊಂಡಿರುತ್ತದೆ. ಡಿಸ್ಕಿನಲ್ಲಿ ಕಡತ ಬದಲಾದರೂ ಲಿನಕ್ಸ್ ಆ ಹಳೆಯ ಪ್ರತಿಯನ್ನು ಸೇವೆ ನಿಲ್ಲುವ ತನಕ ಜೀವಂತ ಇಟ್ಟಿರುತ್ತದೆ. ಸೇವೆಯನ್ನು ನಿಲ್ಲಿಸಿ ಮತ್ತೆ ಓಡಿಸದೆ ಅಪ್‌ಡೇಟ್ ಮಾಡಿದೆವೆಂದು ನಿಶ್ಚಿಂತರಾದವರ ಸರ್ವರುಗಳು ಸೋರುತ್ತಲೇ ಇದ್ದವು.

2021ರ ಡಿಸೆಂಬರ್‌ನಲ್ಲಿ ಬಯಲಾದ ಲಾಗ್‌ಫೋರ್‌ಜೆ ದೋಷದ ಕಥೆ ಇದಕ್ಕೆ ವಿರುದ್ಧ. ಅದು ಜಾವಾ ಸೇವೆಗಳು ದಿನಚರಿ ಬರೆದಿಡಲು ಬಳಸುವ ಲೈಬ್ರರಿ. ಜಾವಾ ಲೋಕದಲ್ಲಿ ಪ್ರತಿ ಸೇವೆಯೂ ತನ್ನ ಪ್ರತಿಯನ್ನು ತಾನೇ ಹೊತ್ತಿರುತ್ತದೆ. ಎಷ್ಟೋ ಕಡೆ ಜಾರ್ ಕಡತದೊಳಗೆ ಇನ್ನೊಂದು ಜಾರ್, ಅದರೊಳಗೆ ಮತ್ತೊಂದು. ತಮ್ಮಲ್ಲಿ ಈ ಲೈಬ್ರರಿ ಎಲ್ಲೆಲ್ಲಿ ಅಡಗಿದೆ ಎಂದು ಕಂಡುಹಿಡಿಯುವುದೇ ಸಂಸ್ಥೆಗಳಿಗೆ ದೊಡ್ಡ ಕೆಲಸವಾಯಿತು. ನೇರವಾಗಿ ರೆಫರೆನ್ಸ್ ಕೊಟ್ಟವರಿಗೆ ಅದು ಗೊತ್ತಿತ್ತು. ಬೇರೊಂದು ಲೈಬ್ರರಿಯ ಬೆನ್ನೇರಿ ಒಳಬಂದದ್ದು ಬಹಳ ಮಂದಿಗೆ ಗೊತ್ತೇ ಇರಲಿಲ್ಲ.

ಬೆನ್ನೇರಿ ಬರುವ ಈ ದಾರಿಯನ್ನು ಅರಿತೇ ಬಳಸಿಕೊಂಡ ಸಂಚೊಂದು 2024ರ ಮಾರ್ಚ್ 29ರಂದು ಬೆಳಕಿಗೆ ಬಂತು. ಮೈಕ್ರೋಸಾಫ್ಟ್‌ನಲ್ಲಿ ಪೋಸ್ಟ್‌ಗ್ರೆಸ್ ಡೇಟಾಬೇಸಿನ ಮೇಲೆ ಕೆಲಸ ಮಾಡುವ ಆಂಡ್ರೆಸ್ ಫ್ರಾಯಿಂಡ್ ಅವರು, ದೂರದಿಂದ ಯಂತ್ರದೊಳಗೆ ಹೋಗಲು ಬಳಸುವ ಎಸ್‌ಎಸ್‌ಎಚ್ ಮೂಲಕ ತಮ್ಮ ಯಂತ್ರಕ್ಕೆ ಲಾಗಿನ್ ಆಗಲು ಸುಮಾರು ಅರ್ಧ ಸೆಕೆಂಡು ಹೆಚ್ಚು ಹಿಡಿಯುತ್ತಿರುವುದನ್ನು ಗಮನಿಸಿ ಅದರ ಜಾಡು ಹಿಡಿದರು. ಎಕ್ಸ್‌ಜೆಡ್ ಎಂಬ ಕಡತ ಕುಗ್ಗಿಸುವ ಲೈಬ್ರರಿಯ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಕಳ್ಳದಾರಿಯೊಂದನ್ನು ಹುದುಗಿಸಲಾಗಿತ್ತು. ಎರಡು ವರ್ಷಗಳಿಗೂ ಹೆಚ್ಚು ಕಾಲ ಸಹಾಯ ಮಾಡುತ್ತ ವಿಶ್ವಾಸ ಗಳಿಸಿ, ಲೈಬ್ರರಿಯನ್ನು ನೋಡಿಕೊಳ್ಳುವ ಸ್ಥಾನಕ್ಕೇರಿದ ‘ಜಿಯಾ ಟಾನ್’ ಎಂಬ ಹೆಸರಿನ ಖಾತೆಯ ಕೆಲಸ ಅದು. ಎಲ್ಲರೂ ನೋಡಬಹುದಾದ ಮೂಲ ಬರಹದಲ್ಲಿ ಇದು ಪೂರ್ತಿಯಾಗಿ ಕಾಣುತ್ತಿರಲಿಲ್ಲ. ಪರೀಕ್ಷೆಗೆಂದು ಇಟ್ಟ ಕಡತಗಳೊಳಗೆ ಕಂಪೈಲಾದ ತುಣುಕು ಅಡಗಿತ್ತು, ಅದನ್ನು ಎಬ್ಬಿಸುವ ಸಾಲುಗಳು ಬಿಡುಗಡೆಯ ಕಟ್ಟಿನಲ್ಲಿ ಮಾತ್ರ ಇದ್ದವು. ಮುಖ್ಯ ಲಿನಕ್ಸ್ ವಿತರಣೆಗಳ ಪರೀಕ್ಷಾ ಆವೃತ್ತಿಗಳ ತನಕ ಬಂದಿದ್ದ ಅದು ಸ್ಥಿರ ಆವೃತ್ತಿಗಳಿಗೆ ಹೋಗುವ ಮೊದಲೇ ಸಿಕ್ಕಿತು.

ಇದರಲ್ಲಿ ನನ್ನನ್ನು ಹೆಚ್ಚು ಕಾಡುವ ವಿವರವೇ ಬೇರೆ. ಎಸ್‌ಎಸ್‌ಎಚ್ ಸರ್ವರಿಗೆ ಎಕ್ಸ್‌ಜೆಡ್ ಬೇಕಿರಲೇ ಇಲ್ಲ. ಅದರ ಮೂಲ ಪ್ರೋಗ್ರಾಮು ಆ ಲೈಬ್ರರಿಯನ್ನು ಕೇಳುವುದಿಲ್ಲ. ಡೆಬಿಯನ್, ಫೆಡೋರಾದಂಥ ವಿತರಣೆಗಳು ‘ಸೇವೆ ಸಿದ್ಧವಾಗಿದೆ’ ಎಂಬ ಸೂಚನೆಯನ್ನು, ಲಿನಕ್ಸ್‌ನಲ್ಲಿ ಸೇವೆಗಳನ್ನು ಎಬ್ಬಿಸಿ ನೋಡಿಕೊಳ್ಳುವ ಸಿಸ್ಟಮ್‌ಡಿಗೆ ಕಳಿಸಲೆಂದು ಲಿಬ್‌ಸಿಸ್ಟಮ್‌ಡಿ ಎಂಬ ದೊಡ್ಡ ಲೈಬ್ರರಿಯನ್ನು ಅದಕ್ಕೆ ಜೋಡಿಸಿದ್ದವು. ಲಿಬ್‌ಸಿಸ್ಟಮ್‌ಡಿ ತನ್ನ ಬೇರಾವುದೋ ಕೆಲಸಕ್ಕೆ ಎಕ್ಸ್‌ಜೆಡ್ ಅನ್ನು ಎಳೆದು ತರುತ್ತಿತ್ತು. ಯಂತ್ರದ ಹೆಬ್ಬಾಗಿಲು ಕಾಯುವ ಪ್ರೋಗ್ರಾಮಿನ ಮೆಮೊರಿಯೊಳಗೆ ಅಪರಿಚಿತನೊಬ್ಬನಿಗೆ ಜಾಗ ಸಿಕ್ಕಿದ್ದು ಹೀಗೆ. ಕಳಿಸಬೇಕಿದ್ದ ಸೂಚನೆಯಾದರೂ ಎಷ್ಟು? ‘ರೆಡಿ’ ಎಂದು ಹೇಳುವ ಒಂದು ಪುಟ್ಟ ಸಾಲು. 2024ರ ಜುಲೈನಲ್ಲಿ ಬಂದ, ಆ ಎಸ್‌ಎಸ್‌ಎಚ್ ಸರ್ವರನ್ನು ಒಳಗೊಂಡ ಓಪನ್‌ಎಸ್‌ಎಸ್‌ಎಚ್ 9.8ರಲ್ಲಿ ಅದನ್ನು ಕಳಿಸುವ ಸಾಲುಗಳನ್ನು ಅದರ ಕರ್ತೃಗಳು ತಾವೇ ಬರೆದುಕೊಂಡಿದ್ದಾರೆ. ಅದಕ್ಕಾಗಿ ಲಿಬ್‌ಸಿಸ್ಟಮ್‌ಡಿಗೆ ರೆಫರೆನ್ಸ್ ಕೊಡುವ ಅಗತ್ಯ ಈಗ ಉಳಿದಿಲ್ಲ.