ಕಂಟೇನರ್ ನಿಂತರೆ ದತ್ತಾಂಶ ಅಳಿಯುವುದೇ?

ತಂತ್ರಾಂಶವನ್ನೂ ಅದಕ್ಕೆ ಬೇಕಾದ ಪರಿಕರಗಳನ್ನೂ ಒಂದೇ ಪೊಟ್ಟಣದಲ್ಲಿ ಕಟ್ಟಿ ಬೇರೆ ಬೇರೆ ಸರ್ವರ್‌ಗಳಲ್ಲಿ ಓಡಿಸುವ ಕಂಟೇನರ್ ಪದ್ಧತಿ, 2013ರಲ್ಲಿ ಡಾಕರ್ ಬಿಡುಗಡೆಯಾದ ಬಳಿಕ ಮನೆಮಾತಾಯಿತು. ತಂತ್ರಾಂಶ ಕಂಪನಿಗಳ ಮಟ್ಟಿಗಂತೂ ಹೌದು. ಇದನ್ನು ಹೊಸದಾಗಿ ಬಳಸುವವರನ್ನು ಕಾಡುವ ಶಂಕೆಯೊಂದಿದೆ. ಕಂಟೇನರ್ ನಿಂತೊಡನೆ ಅದರೊಳಗೆ ಬರೆದದ್ದೆಲ್ಲ ಮಾಯವಾಗುವುದೇ?

ಇಲ್ಲ. ನಿಲ್ಲಿಸುವುದು ಬೇರೆ, ಅಳಿಸುವುದು ಬೇರೆ. ಕಂಟೇನರ್‌ಗೆ ಮೂಲವಾದ ಇಮೇಜ್, ಓದಲು ಮಾತ್ರ ಸಾಧ್ಯವಿರುವ ಪದರಗಳ ಜೋಡಣೆ. ಕಂಟೇನರ್ ಸೃಷ್ಟಿಯಾದಾಗ ಅದರ ಮೇಲೆ ಬರೆಯಬಹುದಾದ ತೆಳು ಪದರವೊಂದು ಸೇರುತ್ತದೆ. ಮುದ್ರಿತ ನಕ್ಷೆಯ ಮೇಲೆ ಪಾರದರ್ಶಕ ಹಾಳೆಯಿಟ್ಟು ಗೀಚಿದಂತೆ, ಬದಲಾವಣೆಗಳೆಲ್ಲ ಈ ಹಾಳೆಗೇ ಸೀಮಿತ. 'ಡಾಕರ್ ಸ್ಟಾಪ್' ಆದೇಶವಿತ್ತಾಗ ಲಿನಕ್ಸ್ ಕಂಟೇನರ್‌ಗೆ ಕೆಲಸ ಮುಗಿಸಲು ಸಾಮಾನ್ಯವಾಗಿ 10 ಸೆಕೆಂಡುಗಳ ಗಡುವು ಸಿಗುತ್ತದೆ. ಆಗಲೂ ಮುಗಿಯದಿದ್ದರೆ ಬಲವಂತವಾಗಿ ಕೊನೆಗೊಳಿಸಲಾಗುತ್ತದೆ. ಸ್ಮೃತಿಯಲ್ಲಿದ್ದದ್ದು ಹೋಗುತ್ತದೆ, ಹಾಳೆ ಉಳಿಯುತ್ತದೆ. 'ಸ್ಟಾರ್ಟ್' ಎಂದರೆ ಕಡತಗಳು ಇದ್ದಲ್ಲೇ ಇರುತ್ತವೆ. 'ಆರ್‌ಎಂ' ಎಂದರೆ ಮಾತ್ರ ಹಾಳೆಯೇ ಹರಿದುಹೋಗುತ್ತದೆ.

ಹಾಗಾದರೆ ಅಳಿಸದಿದ್ದರಾಯಿತು ಎನ್ನುವಂತಿಲ್ಲ. ಇಮೇಜ್‌ನ ಹೊಸ ಆವೃತ್ತಿ ಬಂದಾಗ ಹಳೆಯ ಕಂಟೇನರ್‌ನ ತಳವನ್ನು ಬದಲಿಸಲಾಗದು, ಹೊಸದನ್ನೇ ಸೃಷ್ಟಿಸಬೇಕು. ಗ್ರಾಹಕರ ಲೆಕ್ಕಪತ್ರಗಳು ಕಾಣೆಯಾಗುವ ಅಪಾಯವಿರುವುದು ಈ ಹಂತದಲ್ಲೇ.

'ಕಮಿಟ್' ಆದೇಶದಿಂದ ಆ ಹಾಳೆಯನ್ನೂ ಸೇರಿಸಿ ಹೊಸ ಇಮೇಜ್ ಮಾಡಿಕೊಳ್ಳಬಹುದು. ಪರೀಕ್ಷೆಗೆ ಇದು ಸರಿ, ನಿತ್ಯದ ಅಭ್ಯಾಸಕ್ಕೆ ಸಲ್ಲದು. ಯಾರು ಏನನ್ನು ಏಕೆ ತಿದ್ದಿದರೆಂಬುದು ತಿಳಿಯುವುದಿಲ್ಲ. ಮರೆತುಬಿಟ್ಟ ಪಾಸ್‌ವರ್ಡ್‌ಗಳೂ ಒಳಸೇರುತ್ತವೆ. ತಂತ್ರಾಂಶದ ಬದಲಾವಣೆಗಳನ್ನು ಡಾಕರ್‌ಫೈಲ್‌ನಲ್ಲಿ ಬರೆದಿಡುವುದೇ ಲೇಸು.

ದತ್ತಾಂಶಕ್ಕೆ ತಕ್ಕ ನೆಲೆ ವಾಲ್ಯೂಮ್. ಇದು ಕಂಟೇನರ್‌ನ ಹೊರಗಿದ್ದು, ಡಾಕರ್‌ನ ಸುಪರ್ದಿಯಲ್ಲಿರುತ್ತದೆ. ಕಂಟೇನರ್ ಅಳಿದರೂ ಉಳಿಯುತ್ತದೆ. ನಮಗೆ ಬೇಕಾದ ಕಡತಕೋಶವನ್ನೇ ಜೋಡಿಸುವ ಬೈಂಡ್ ಮೌಂಟ್ ಕೂಡ ಉಂಟು. ಟಿಎಂಪಿಎಫ್‌ಎಸ್ ಮಾತ್ರ ಸ್ಮೃತಿಯಲ್ಲಿರುವುದರಿಂದ ಕಂಟೇನರ್ ನಿಂತೊಡನೆ ಇಲ್ಲವಾಗುತ್ತದೆ.

ಇಲ್ಲೊಂದು ಸೂಕ್ಷ್ಮವಿದೆ. ಮೈಎಸ್‌ಕ್ಯೂಎಲ್‌ನ ಅಧಿಕೃತ ಇಮೇಜ್, ನಾವು ಕೇಳದಿದ್ದರೂ ಹೆಸರಿಲ್ಲದ ವಾಲ್ಯೂಮ್ ಒಂದನ್ನು ತಾನೇ ಮಾಡಿಕೊಳ್ಳುತ್ತದೆ. ಹಳೆಯ ಕಂಟೇನರ್ ಅಳಿಸಿ ಹೊಸದನ್ನು ಹೂಡಿದರೆ ಅದಕ್ಕೆ ಬೇರೊಂದು ಖಾಲಿ ವಾಲ್ಯೂಮ್ ಸಿಗುತ್ತದೆ. ದತ್ತಾಂಶ ಹೋಯಿತೆಂದು ಗಾಬರಿಯಾಗುವ ಮುನ್ನ ವಾಲ್ಯೂಮ್‌ಗಳ ಪಟ್ಟಿಯನ್ನು ತೆರೆದು ನೋಡಬೇಕು. ಹಳೆಯದು ಅಲ್ಲೇ ಅನಾಥವಾಗಿ ಬಿದ್ದಿರುವ ಸಾಧ್ಯತೆಯುಂಟು. 'ಆರ್‌ಎಂ'ಗೆ 'ವಿ' ಸೇರಿಸಿದ್ದರೆ ಅಥವಾ ಕಂಟೇನರ್ ಹೂಡುವಾಗಲೇ ತಾನಾಗಿ ಅಳಿಯುವ ಆಯ್ಕೆ ನೀಡಿದ್ದರೆ ಅದೂ ಇರದು. ಮೊದಲೇ ಹೆಸರಿಟ್ಟ ವಾಲ್ಯೂಮ್ ಬಳಸಿದರೆ ಈ ಪೇಚಾಟವಿಲ್ಲ. ಆದರೆ 'ಕಂಪೋಸ್ ಡೌನ್'ಗೆ 'ವಿ' ಜೋಡಿಸಿದರೆ, ಅದರ ಕಡತದಲ್ಲಿ ಘೋಷಿಸಿದ ಹೆಸರಿನ ವಾಲ್ಯೂಮ್‌ಗಳೂ ಅಳಿಯುತ್ತವೆ.

ಅಂದಹಾಗೆ, ವಾಲ್ಯೂಮ್ ಎಂದರೆ ಬ್ಯಾಕಪ್ ಅಲ್ಲ. ಸಾಮಾನ್ಯವಾಗಿ ಅದಿರುವುದೂ ಅದೇ ಸರ್ವರ್‌ನ ಡಿಸ್ಕ್‌ನಲ್ಲಿ. ಓಡುತ್ತಿರುವ ಡೇಟಾಬೇಸ್‌ನ ಕಡತಗಳನ್ನು ಹಾಗೆಯೇ ನಕಲಿಸಿದರೆ ಅರೆಬರೆ ಪ್ರತಿ ದೊರೆಯಬಹುದಾದ್ದರಿಂದ, ಮೈಎಸ್‌ಕ್ಯೂಎಲ್‌ಡಂಪ್‌ನಂಥ ಸಾಧನದಿಂದ ಪ್ರತಿ ತೆಗೆದು ಬೇರೆ ಯಂತ್ರಕ್ಕೆ ಸಾಗಿಸಬೇಕು.