ಹಿಮದ ಮೇಲೆ ಪೋರ್ಷೆ

ಪೋರ್ಷೆ 911 ಅಂದ್ರೆ ನಮಗೆಲ್ಲ ಮೊದಲು ನೆನಪಾಗೋದು ವೇಗ. ಆದರೆ ಜರ್ಮನಿಯ ಚಳಿಗಾಲದಲ್ಲಿ ಆ ಕಾರಿನ ಹಣೆಬರಹ ಬರೆಯುವುದು ಎಂಜಿನ್ ಅಲ್ಲ, ಟೈರು. ಬೇಸಿಗೆ ಟೈರಿನ ರಬ್ಬರು ಸುಮಾರು 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಗಟ್ಟಿಯಾಗುತ್ತಾ ಹೋಗುತ್ತದೆ, ರಸ್ತೆಯನ್ನು ಸರಿಯಾಗಿ ಹಿಡಿಯುವುದಿಲ್ಲ. ಚಳಿಗಾಲದ ಟೈರು ಮೆತ್ತಗೇ ಉಳಿಯುತ್ತದೆ; ಅದರ ಮೈಮೇಲಿನ ಸಣ್ಣ ಸೀಳುಗಳು ಹಿಮವನ್ನು ಕಚ್ಚಿ ಹಿಡಿಯುತ್ತವೆ. ಹಿಮ ಬಿದ್ದ ರಸ್ತೆಗೆ ಬೇಸಿಗೆ ಟೈರಿನಲ್ಲಿ ಇಳಿಯುವುದು ಅಲ್ಲಿ ಕಾನೂನಿಗೂ ವಿರುದ್ಧ.

ಒಂದು ಲೆಕ್ಕ ಮಾಡೋಣ. ಗಂಟೆಗೆ 50 ಕಿ.ಮೀ. ವೇಗದಲ್ಲಿದ್ದಾಗ ಬ್ರೇಕ್ ಒತ್ತುತ್ತೇವೆ. ಒಣ ಡಾಂಬರಿನ ಘರ್ಷಣಾ ಗುಣಾಂಕ 0.8 ಎಂದುಕೊಂಡರೆ ಕಾರು 12 ಮೀಟರ್ ಚಿಲ್ಲರೆಯಲ್ಲಿ ನಿಲ್ಲುತ್ತದೆ. ತುಳಿದು ಗಟ್ಟಿಯಾದ ಹಿಮಕ್ಕೆ 0.2 ಹಿಡಿದರೆ ಸುಮಾರು 50 ಮೀಟರ್, ಮಂಜುಗಡ್ಡೆಗೆ 0.1 ಹಿಡಿದರೆ ಹತ್ತಿರ ಹತ್ತಿರ 100! ಅಷ್ಟರೊಳಗೆ ಯಾರಾದರೂ ರಸ್ತೆ ದಾಟುತ್ತಿದ್ದರೆ? ಈ ಸೂತ್ರದಲ್ಲಿ ಹಾರ್ಸ್‌ಪವರ್‌ಗೆ ಜಾಗವೇ ಇಲ್ಲ ನೋಡಿ.

911ಕ್ಕೆ ಒಂದು ಅನುಕೂಲ ಉಂಟು. ಎಂಜಿನ್ ಹಿಂದಿರುವುದರಿಂದ ಆ ಭಾರ ಹಿಂದಿನ ಚಕ್ರಗಳನ್ನು ಒತ್ತಿ ಹಿಡಿಯುತ್ತದೆ, ಹೊರಡುವಾಗ ಚಕ್ರ ಸುಮ್ಮನೆ ತಿರುಗುವುದು ಕಡಿಮೆ. ತಿರುವಿನಲ್ಲಿ ಮಾತ್ರ ಅದೇ ಭಾರ ಕೈಕೊಡುತ್ತೆ: ಗಾಬರಿಯಾಗಿ ಆಕ್ಸಿಲರೇಟರ್ ತಟ್ಟನೆ ಬಿಟ್ಟರೆ ತೂಕ ಮುಂದಕ್ಕೆ ವಾಲಿ, ಹಿಂಬದಿಯ ಹಿಡಿತ ತಪ್ಪಿ, ಕಾರಿನ ಬಾಲವೇ ಮುಂದೆ ಬರಲು ನೋಡುತ್ತದೆ. ನಾಲ್ಕೂ ಚಕ್ರಕ್ಕೆ ಶಕ್ತಿ ಕೊಡುವ ಮಾದರಿ ಇದೆಯಲ್ಲಾ ಅಂತೀರಾ? ಅದು ಹೊರಡೋಕೆ ಸಹಾಯ, ನಿಲ್ಲಿಸೋಕಲ್ಲ. ಬ್ರೇಕು ಎಲ್ಲ ಕಾರಿನಲ್ಲೂ ನಾಲ್ಕೂ ಚಕ್ರಕ್ಕೇ ಇರುತ್ತೆ.