ಹೆದ್ದಾರಿ ವಿಸ್ತರಣೆ: ರಸ್ತೆ ಬದಿಯ ವ್ಯಾಪಾರಸ್ಥರು ತಿಳಿದಿರಬೇಕಾದ ಸಂಗತಿಗಳು

ಬೆಂಗಳೂರು ಗ್ರಾಮಾಂತರ ಪ್ರದೇಶದ ನಾಲ್ಕು ತಾಲ್ಲೂಕುಗಳಾದ ನೆಲಮಂಗಲ, ದೊಡ್ಡಬಳ್ಳಾಪುರ, ದೇವನಹಳ್ಳಿ ಮತ್ತು ಹೊಸಕೋಟೆಗಳ ವಾಣಿಜ್ಯ ಬದುಕು ಹೆದ್ದಾರಿಗಳನ್ನೇ ಆಧರಿಸಿದೆ. ಮುಂಬೈ ಮಾರ್ಗ ಮತ್ತು ಮಂಗಳೂರು ಮಾರ್ಗ ಕವಲೊಡೆಯುವುದು ನೆಲಮಂಗಲದಲ್ಲಿ. ಹೈದರಾಬಾದ್ ಮಾರ್ಗ ದೇವನಹಳ್ಳಿಯ ಮೂಲಕವೂ, ಕೋಲಾರದ ಕಡೆಯ ಮಾರ್ಗ ಹೊಸಕೋಟೆಯ ಮೂಲಕವೂ ಸಾಗುತ್ತವೆ. ದಾಬಸ್‌ಪೇಟೆಯಿಂದ ದೊಡ್ಡಬಳ್ಳಾಪುರ, ದೇವನಹಳ್ಳಿ, ಸೂಲಿಬೆಲೆಗಳನ್ನು ಹಾದು ಹೊಸಕೋಟೆಯನ್ನು ಸೇರುವ ಅಡ್ಡ ರಸ್ತೆಯು ಈ ಎಲ್ಲ ಮಾರ್ಗಗಳನ್ನು ಒಂದಕ್ಕೊಂದು ಜೋಡಿಸುತ್ತದೆ. ಕಳೆದ ಎರಡು ದಶಕಗಳಲ್ಲಿ ಈ ರಸ್ತೆಗಳೆಲ್ಲವೂ ಒಂದಲ್ಲ ಒಂದು ಹಂತದಲ್ಲಿ ಅಗಲಗೊಂಡಿವೆ. ಇದರಿಂದ ಸರಕು ಸಾಗಣೆಗೆ ಅನುಕೂಲವಾಗಿರುವುದು ನಿಜ. ಆದರೆ ಅದೇ ರಸ್ತೆಯ ಅಂಚಿನಲ್ಲಿ ಮಳಿಗೆ, ವರ್ಕ್‌ಶಾಪ್, ಹೋಟೆಲ್, ಗೋದಾಮು ನಡೆಸುತ್ತಿದ್ದವರ ಅನುಭವ ಬೇರೆಯೇ ಆಗಿದೆ. ವಿಸ್ತರಣೆಯ ಕ್ರಮ, ಅದರ ಪರಿಣಾಮ ಮತ್ತು ಕಾನೂನಿನಲ್ಲಿರುವ ಅವಕಾಶಗಳನ್ನು ಮೊದಲೇ ಅರಿತವರಿಗೆ ನಷ್ಟ ಕಡಿಮೆ. ಅಂತಹ ಕೆಲವು ಮುಖ್ಯ ಸಂಗತಿಗಳನ್ನು ಇಲ್ಲಿ ವಿವರಿಸಲಾಗಿದೆ.

ಎರಡು ದಶಕಗಳ ಬದಲಾವಣೆ

ಬೆಂಗಳೂರು–ನೆಲಮಂಗಲ ರಸ್ತೆಯು ಸುವರ್ಣ ಚತುಷ್ಕೋನ ಯೋಜನೆಯ ಚೆನ್ನೈ–ಮುಂಬೈ ಭಾಗಕ್ಕೆ ಸೇರಿದುದು. ಹಿಂದಿನ ರಾಷ್ಟ್ರೀಯ ಹೆದ್ದಾರಿ 4, ಅಂದರೆ ಈಗಿನ 48ರ ಈ ಭಾಗವು ಷಟ್ಪಥವಾಗಿ, ಪೀಣ್ಯದ ಮೇಲ್ಸೇತುವೆಯೊಡನೆ 2010ರಲ್ಲಿ ಸಂಚಾರಕ್ಕೆ ಸಿದ್ಧವಾಯಿತು. ದೇವನಹಳ್ಳಿಯ ಅಂತರರಾಷ್ಟ್ರೀಯ ವಿಮಾನ ನಿಲ್ದಾಣವು 2008ರ ಮೇ ತಿಂಗಳಲ್ಲಿ ಕಾರ್ಯಾರಂಭ ಮಾಡಿದ ಮೇಲೆ ಬಳ್ಳಾರಿ ರಸ್ತೆಯ ವಾಹನ ಸಂದಣಿ ಬೆಳೆಯಿತು. ಹೆಬ್ಬಾಳದ ಕಡೆಯಿಂದ ವಿಮಾನ ನಿಲ್ದಾಣದತ್ತ ಸಾಗುವ ಮೇಲ್ರಸ್ತೆ 2014ರಲ್ಲಿ ತೆರೆಯಿತು. ದಾಬಸ್‌ಪೇಟೆ–ಹೊಸಕೋಟೆ ರಸ್ತೆಯು ಬಹುಕಾಲ ರಾಷ್ಟ್ರೀಯ ಹೆದ್ದಾರಿ 207 ಎಂಬ ಹೆಸರಿನ ಇಕ್ಕಟ್ಟಾದ ಮಾರ್ಗವಾಗಿತ್ತು. ಅದು ಈಗ ಉಪನಗರ ವರ್ತುಲ ರಸ್ತೆಯ ಭಾಗವಾಗಿ ಚತುಷ್ಪಥವಾಗಿದೆ. ದೇವನಹಳ್ಳಿ ತಾಲ್ಲೂಕಿನ ನಲ್ಲೂರಿನ ಬಳಿ 2023ರ ನವೆಂಬರ್‌ನಲ್ಲಿ ಈ ರಸ್ತೆಯ ಸುಂಕ ವಸೂಲಿ ಆರಂಭವಾಯಿತು. ಹೊಸಕೋಟೆಯ ಬಳಿಯಿಂದ ಹೊರಡುವ ಬೆಂಗಳೂರು–ಚೆನ್ನೈ ಎಕ್ಸ್‌ಪ್ರೆಸ್‌ವೇಯ ಕರ್ನಾಟಕದ ಭಾಗದಲ್ಲಿ 2024ರ ಡಿಸೆಂಬರ್‌ನಿಂದ ವಾಹನಗಳು ಸಂಚರಿಸತೊಡಗಿದವು.

ಈ ಬದಲಾವಣೆಯ ಅತಿ ಮುಖ್ಯ ಲಾಭವೆಂದರೆ ನಗರವನ್ನು ಹೊಕ್ಕು ಹೊರಬೀಳಬೇಕಾದ ಅನಿವಾರ್ಯತೆ ತಪ್ಪಿದುದು. ದಾಬಸ್‌ಪೇಟೆಯ ಕೈಗಾರಿಕಾ ಪ್ರದೇಶದಿಂದ ಹೊಸಕೋಟೆಯ ಗೋದಾಮಿಗೆ ಹೋಗುವ ಲಾರಿ ಈಗ ಗೊರಗುಂಟೆಪಾಳ್ಯವನ್ನೂ ಹೆಬ್ಬಾಳವನ್ನೂ ಮುಟ್ಟಬೇಕಿಲ್ಲ. ಹಗಲಿನಲ್ಲಿ ಭಾರಿ ವಾಹನಗಳಿಗೆ ನಗರದೊಳಗಿರುವ ನಿರ್ಬಂಧದ ತೊಡಕೂ ಇಲ್ಲ.

ಒಂದೇ ರಸ್ತೆಯನ್ನು ನೆಚ್ಚಿದರೆ ಏನಾಗುತ್ತದೆ ಎಂಬುದಕ್ಕೂ ಈ ಭಾಗದಲ್ಲಿಯೇ ನಿದರ್ಶನವಿದೆ. ಪೀಣ್ಯ ಮೇಲ್ಸೇತುವೆಯ ಉಕ್ಕಿನ ಕೇಬಲ್‌ಗಳಲ್ಲಿ ದೋಷ ಕಂಡುಬಂದುದರಿಂದ 2021ರ ಡಿಸೆಂಬರ್ 25ರಂದು ಅದನ್ನು ಮುಚ್ಚಲಾಯಿತು. ಲಘು ವಾಹನಗಳಿಗೆ 2022ರ ಫೆಬ್ರವರಿಯಲ್ಲಿ ಅನುಮತಿ ದೊರೆಯಿತು. ಭಾರಿ ವಾಹನಗಳು 2024ರ ಜುಲೈವರೆಗೂ ಕಾಯಬೇಕಾಯಿತು. ಅಲ್ಲಿಯವರೆಗೆ ಸುಮಾರು ಎರಡೂವರೆ ವರ್ಷ, ಪೀಣ್ಯದ ಸಾವಿರಾರು ಸಣ್ಣ ಘಟಕಗಳಿಗೆ ಕಚ್ಚಾ ವಸ್ತು ತರುವ ಲಾರಿಗಳೂ ನೆಲಮಂಗಲದ ಕಡೆಗೆ ಹೋಗುವ ಲಾರಿಗಳೂ ಕೆಳಗಿನ ರಸ್ತೆಯನ್ನೇ ಅವಲಂಬಿಸಿದವು.

ಎದುರು ಬದಿ ದೂರವಾಗುವುದು

ದ್ವಿಪಥ ರಸ್ತೆಯಲ್ಲಿ ಗಿರಾಕಿಯು ಎರಡೂ ದಿಕ್ಕುಗಳಿಂದ ಬರುತ್ತಾನೆ. ರಸ್ತೆಯ ನಡುವೆ ವಿಭಜಕ ಬಂದೊಡನೆ ಅರ್ಧದಷ್ಟು ವಾಹನಗಳಿಗೆ ಅಂಗಡಿ ಕಣ್ಣಿಗೆ ಕಂಡರೂ ಕೈಗೆ ಎಟಕುವುದಿಲ್ಲ. ಸೇವಾ ರಸ್ತೆ ಎಲ್ಲಿ ಆರಂಭವಾಗಿ ಎಲ್ಲಿ ಮುಗಿಯುತ್ತದೆ, ಕೆಳಸೇತುವೆ ಎಲ್ಲಿ ಬರುತ್ತದೆ, ವಾಹನ ತಿರುಗಿಸಲು ಎಷ್ಟು ದೂರ ಸಾಗಬೇಕು ಎಂಬುವು ವ್ಯಾಪಾರದ ಅಳಿವು ಉಳಿವನ್ನು ನಿರ್ಧರಿಸುವ ಪ್ರಶ್ನೆಗಳು. ಒಂದು ಸಣ್ಣ ಕಾರ್ಖಾನೆಯ ಟೆಂಪೋ ಪ್ರತಿ ಸರದಿಗೆ 3 ಕಿಲೋಮೀಟರ್ ಹೆಚ್ಚು ಸುತ್ತಬೇಕಾಯಿತು ಎಂದು ಭಾವಿಸೋಣ. ದಿನಕ್ಕೆ 4 ಸರದಿಯಂತೆ ತಿಂಗಳ 25 ದಿನಗಳಲ್ಲಿ 300 ಕಿಲೋಮೀಟರ್ ಹೆಚ್ಚುವರಿ ಓಟ ಬೀಳುತ್ತದೆ. ಡೀಸೆಲ್, ಚಾಲಕನ ವೇಳೆ, ಟೈರುಗಳ ಸವಕಳಿ ಇವೆಲ್ಲವೂ ಲೆಕ್ಕಕ್ಕೆ ಸೇರುತ್ತವೆ.

ನಿವಾಸಿಗಳ ಕಷ್ಟವೂ ಇದೇ ಬಗೆಯದು. ಊರು ಒಂದು ಬದಿ, ಹೊಲ ಇನ್ನೊಂದು ಬದಿ ಆದಾಗ ಹಾಲಿನ ಡೇರಿಗೆ, ಶಾಲೆಗೆ, ತೋಟಕ್ಕೆ ಹೋಗುವವರು ವೇಗದ ವಾಹನಗಳ ನಡುವೆ ರಸ್ತೆ ದಾಟುತ್ತಾರೆ. ಸುತ್ತಿ ಬರುವ ಬೇಸರಕ್ಕೆ ಸೇವಾ ರಸ್ತೆಯಲ್ಲಿ ವಿರುದ್ಧ ದಿಕ್ಕಿನಲ್ಲಿ ಬರುವ ದ್ವಿಚಕ್ರ ವಾಹನಗಳು ಅಪಘಾತಕ್ಕೆ ಈಡಾಗುತ್ತವೆ. ಎತ್ತರಿಸಿದ ರಸ್ತೆಯ ಏರಿಯು ಕೆರೆಗೆ ಹರಿಯುವ ನೀರಿನ ದಾರಿಯನ್ನು ತಡೆದರೆ ಮಳೆಗಾಲದಲ್ಲಿ ಅಂಗಡಿಗಳಿಗೆ ನೀರು ನುಗ್ಗುತ್ತದೆ. ಬೈಪಾಸ್ ಆದ ಕಡೆ ಪೇಟೆಯೊಳಗಿನ ಲಾರಿಗಳ ಕಾಟ ತಪ್ಪುತ್ತದೆ. ಹಾದು ಹೋಗುವ ಪ್ರಯಾಣಿಕರನ್ನು ನಂಬಿದ ಹೋಟೆಲು ಮತ್ತು ಬಿಡಿಭಾಗಗಳ ಅಂಗಡಿಗಳಿಗೆ ಗಿರಾಕಿಯೂ ತಪ್ಪುತ್ತಾನೆ.

ಭೂಸ್ವಾಧೀನದ ಹಂತಗಳು

ರಾಷ್ಟ್ರೀಯ ಹೆದ್ದಾರಿಗೆ ಭೂಮಿಯನ್ನು ಪಡೆಯುವುದು 1956ರ ರಾಷ್ಟ್ರೀಯ ಹೆದ್ದಾರಿ ಅಧಿನಿಯಮದ ಪ್ರಕಾರ. ಸರ್ಕಾರದ ಉದ್ದೇಶವನ್ನು ತಿಳಿಸುವ ಅಧಿಸೂಚನೆಯು ಕಲಂ 3ಎ ಅನ್ವಯ ಹೊರಡುತ್ತದೆ. ಅದು ಪ್ರಕಟವಾದ 21 ದಿನಗಳೊಳಗೆ ಕಲಂ 3ಸಿ ಪ್ರಕಾರ ಲಿಖಿತ ಆಕ್ಷೇಪಣೆ ಸಲ್ಲಿಸಬಹುದು. ಆಕ್ಷೇಪಣೆಗಳು ಇತ್ಯರ್ಥವಾದ ನಂತರ, ಮೊದಲ ಅಧಿಸೂಚನೆಯ ಒಂದು ವರ್ಷದೊಳಗೆ, ಕಲಂ 3ಡಿ ಘೋಷಣೆ ಪ್ರಕಟವಾಗಬೇಕು. ಇಲ್ಲದಿದ್ದರೆ ಅಧಿಸೂಚನೆ ಬಿದ್ದುಹೋಗುತ್ತದೆ. ಘೋಷಣೆಯೊಡನೆ ಭೂಮಿಯು ಕೇಂದ್ರ ಸರ್ಕಾರದಲ್ಲಿ ನಿಹಿತವಾಗುತ್ತದೆ. ಆದುದರಿಂದ ಸೇವಾ ರಸ್ತೆ, ಕೆಳಸೇತುವೆ, ಮೋರಿಗಳ ವಿಷಯದಲ್ಲಿ ಏನಾದರೂ ಹೇಳುವುದಿದ್ದರೆ ಅದಕ್ಕೆ ಸೂಕ್ತ ಕಾಲ ಈ ಆರಂಭದ ದಿನಗಳೇ. ಗುತ್ತಿಗೆದಾರನ ಯಂತ್ರಗಳು ಬಂದು ನಿಂತ ಮೇಲೆ ನಕ್ಷೆಯನ್ನು ಬದಲಿಸುವುದು ಬಹಳ ಕಷ್ಟ.

ಪರಿಹಾರವನ್ನು ಕಲಂ 3ಜಿ ಅನ್ವಯ ಸಕ್ಷಮ ಪ್ರಾಧಿಕಾರವು ನಿಗದಿಪಡಿಸುತ್ತದೆ. ಇದಕ್ಕೆ ಮೊದಲು ಎರಡು ಸ್ಥಳೀಯ ಪತ್ರಿಕೆಗಳಲ್ಲಿ ಪ್ರಕಟಣೆ ನೀಡಿ ಹಿತಾಸಕ್ತಿಯುಳ್ಳ ಎಲ್ಲರಿಂದಲೂ ಹಕ್ಕು ಕೋರಿಕೆಗಳನ್ನು ಆಹ್ವಾನಿಸಬೇಕು. ಎರಡರಲ್ಲಿ ಒಂದು ಪತ್ರಿಕೆ ಪ್ರಾದೇಶಿಕ ಭಾಷೆಯದಾಗಿರಬೇಕು. 2015ರ ಜನವರಿ 1ರಿಂದ ಈಚೆಗೆ ಪರಿಹಾರದ ಮೊತ್ತಕ್ಕೆ 2013ರ ಭೂಸ್ವಾಧೀನ ಅಧಿನಿಯಮದ ಸೂತ್ರವೇ ಅನ್ವಯಿಸುತ್ತದೆ. ಮುದ್ರಾಂಕದ ಮಾರ್ಗಸೂಚಿ ಬೆಲೆ ಅಥವಾ ಹಿಂದಿನ ಮೂರು ವರ್ಷಗಳ ಸಮೀಪದ ಕ್ರಯಪತ್ರಗಳಲ್ಲಿ ಹೆಚ್ಚಿನ ಬೆಲೆಯ ಅರ್ಧದಷ್ಟು ಪತ್ರಗಳ ಸರಾಸರಿ, ಇವುಗಳಲ್ಲಿ ಯಾವುದು ಹೆಚ್ಚೋ ಅದೇ ಮಾರುಕಟ್ಟೆ ಬೆಲೆಯ ಆಧಾರ. ಗ್ರಾಮೀಣ ಪ್ರದೇಶದಲ್ಲಿ ಇದನ್ನು 1ರಿಂದ 2ರವರೆಗಿನ ಅಂಶದಿಂದ ಗುಣಿಸಿ, ಕಟ್ಟಡ ಮತ್ತು ಮರಗಳ ಬೆಲೆಯನ್ನು ಸೇರಿಸಿ, ಒಟ್ಟು ಮೊತ್ತದ ಶೇಕಡ 100ರಷ್ಟನ್ನು ಸೋಲೇಷಿಯಂ ಎಂದು ಕೊಡಬೇಕು. ನೋಂದಣಿ ಶುಲ್ಕ ಉಳಿಸಲು ಕ್ರಯಪತ್ರದಲ್ಲಿ ಬೆಲೆಯನ್ನು ಕಡಿಮೆ ತೋರಿಸುವ ಅಭ್ಯಾಸವು ಇಲ್ಲಿ ಇಡೀ ಊರಿಗೇ ಮುಳುವಾಗುತ್ತದೆ. ಈ ಅಧಿನಿಯಮದಂತೆ ದೊರೆಯುವ ಪರಿಹಾರಕ್ಕೆ ಆದಾಯ ತೆರಿಗೆ ಇಲ್ಲವೆಂದು ಕೇಂದ್ರ ನೇರ ತೆರಿಗೆ ಮಂಡಳಿಯು 2016ರಲ್ಲಿ ಸುತ್ತೋಲೆಯ ಮೂಲಕ ಸ್ಪಷ್ಟಪಡಿಸಿತು.

ನಿಗದಿಯಾದ ಮೊತ್ತ ಒಪ್ಪಿಗೆಯಾಗದಿದ್ದಲ್ಲಿ ಕೇಂದ್ರ ಸರ್ಕಾರವು ನೇಮಿಸಿದ ಮಧ್ಯಸ್ಥಗಾರರ ಮುಂದೆ ಅರ್ಜಿ ಸಲ್ಲಿಸಬೇಕು. ನಮ್ಮ ರಾಜ್ಯದಲ್ಲಿ ಸಾಮಾನ್ಯವಾಗಿ ಜಿಲ್ಲಾಧಿಕಾರಿಗಳೇ ಈ ಹೊಣೆ ಹೊತ್ತಿರುತ್ತಾರೆ. ಹೆಚ್ಚುವರಿಯಾಗಿ ತೀರ್ಮಾನವಾದ ಮೊತ್ತಕ್ಕೆ ವಾರ್ಷಿಕ ಶೇಕಡ 9ರ ಬಡ್ಡಿ ನೀಡಲು ಅವಕಾಶವಿದೆ. 1997ರಿಂದ 2014ರ ಅಂತ್ಯದವರೆಗೆ ಭೂಮಿ ಕಳೆದುಕೊಂಡವರಿಗೆ ಸೋಲೇಷಿಯಂ ಮತ್ತು ಬಡ್ಡಿಯನ್ನು ನಿರಾಕರಿಸಿದ್ದ ಕಲಂ 3ಜೆಯ ಭಾಗವನ್ನು ಸರ್ವೋಚ್ಚ ನ್ಯಾಯಾಲಯವು ತರ್ಸೇಮ್ ಸಿಂಗ್ ಪ್ರಕರಣದಲ್ಲಿ 2019ರ ಸೆಪ್ಟೆಂಬರ್‌ನಲ್ಲಿ ಅಸಿಂಧುಗೊಳಿಸಿತು. ಈ ತೀರ್ಪನ್ನು ಮುಂದಿನ ಪ್ರಕರಣಗಳಿಗೆ ಮಾತ್ರ ಸೀಮಿತಗೊಳಿಸಬೇಕೆಂಬ ಪ್ರಾಧಿಕಾರದ ಮನವಿಯನ್ನು 2025ರ ಫೆಬ್ರವರಿಯಲ್ಲಿ ತಳ್ಳಿಹಾಕಿತು. ಅನಂತರ ಮರುಪರಿಶೀಲನಾ ಅರ್ಜಿಯೂ ಸಲ್ಲಿಕೆಯಾದುದರಿಂದ, ಹಳೆಯ ಪ್ರಕರಣವುಳ್ಳವರು ವಕೀಲರ ಸಲಹೆ ಪಡೆದು ಮುಂದುವರಿಯುವುದು ಲೇಸು.

ಬಾಡಿಗೆದಾರ ವರ್ತಕನ ಸ್ಥಾನ

ಹೆದ್ದಾರಿ ಬದಿಯ ಮಳಿಗೆಗಳಲ್ಲಿ ಅನೇಕವು ಬಾಡಿಗೆಯವು. ಭೂಮಿಯ ಬೆಲೆ ಮಾಲೀಕನಿಗೆ ಸೇರುತ್ತದೆ. ಹತ್ತಿಪ್ಪತ್ತು ವರ್ಷ ದುಡಿದು ಗಿರಾಕಿಗಳನ್ನು ಕೂಡಿಸಿದ ವರ್ತಕನು ಬರಿಗೈಯಲ್ಲಿ ಹೊರನಡೆಯುತ್ತಾನೆ. ಕಾನೂನು ಅವನನ್ನು ಪೂರ್ತಿಯಾಗಿ ಕೈಬಿಟ್ಟಿಲ್ಲ ಎಂಬುದು ಬಹಳ ಜನಕ್ಕೆ ತಿಳಿಯದು. ಸ್ವಾಧೀನದ ಕಾರಣದಿಂದ ಗಳಿಕೆಗೆ ಉಂಟಾಗುವ ಹಾನಿಯನ್ನೂ, ವ್ಯಾಪಾರದ ಸ್ಥಳವನ್ನು ಬದಲಿಸಬೇಕಾದುದರ ಯುಕ್ತ ವೆಚ್ಚವನ್ನೂ ಪರಿಗಣಿಸಬೇಕೆಂದು 1956ರ ಅಧಿನಿಯಮದ ಕಲಂ 3ಜಿ ಮತ್ತು 2013ರ ಅಧಿನಿಯಮದ ಕಲಂ 28 ಎರಡೂ ಹೇಳುತ್ತವೆ. ಸ್ವಾಧೀನಕ್ಕೆ ಹಿಂದಿನ ಮೂರು ವರ್ಷ ಆ ಪ್ರದೇಶದಲ್ಲಿ ದುಡಿದು, ಅದರಿಂದಲೇ ಮುಖ್ಯವಾಗಿ ಜೀವನ ನಡೆಸುತ್ತಿದ್ದ ಗೇಣಿದಾರರು ಮತ್ತು ಕುಶಲಕರ್ಮಿಗಳ ಕುಟುಂಬಗಳನ್ನು ಬಾಧಿತ ಕುಟುಂಬಗಳ ವ್ಯಾಖ್ಯೆಯಲ್ಲಿ ಸೇರಿಸಲಾಗಿದೆ. ಬಾಧಿತ ಕುಟುಂಬವೆಂದು ಗುರುತಿಸಲ್ಪಟ್ಟ ಸಣ್ಣ ವ್ಯಾಪಾರಿ, ಕುಶಲಕರ್ಮಿ ಅಥವಾ ಸ್ವಯಂ ಉದ್ಯೋಗಿಗೆ ಕನಿಷ್ಠ 25,000 ರೂಪಾಯಿಗಳ ಒಂದಾವರ್ತಿ ನೆರವನ್ನು ಎರಡನೆಯ ಅನುಸೂಚಿ ನಿಗದಿಪಡಿಸಿದೆ.

ಮೊತ್ತ ದೊಡ್ಡದಲ್ಲ. ಅದನ್ನು ಪಡೆಯಲೂ ಪುರಾವೆ ಬೇಕು. ನೋಂದಾಯಿತ ಬಾಡಿಗೆ ಕರಾರು, ವ್ಯಾಪಾರ ಪರವಾನಗಿ, ಜಿ.ಎಸ್.ಟಿ. ನೋಂದಣಿಯಲ್ಲಿ ನಮೂದಾದ ವಿಳಾಸ, ವಿದ್ಯುತ್ ಬಿಲ್ಲು, ಮೂರು ವರ್ಷಗಳ ಲೆಕ್ಕಪತ್ರ ಇವು ಅಂಗಡಿ ಅಲ್ಲಿತ್ತೆಂಬುದಕ್ಕೂ ಅದರ ಗಳಿಕೆ ಎಷ್ಟೆಂಬುದಕ್ಕೂ ಸಾಕ್ಷಿ. ಬಾಯಿಮಾತಿನ ಕರಾರಿನ ಮೇಲೆ ನಡೆಯುವ ಅಂಗಡಿಗೆ ಪತ್ರಿಕಾ ಪ್ರಕಟಣೆಯ ದಿನ ತೋರಿಸಲು ಏನೂ ಇರುವುದಿಲ್ಲ. ಹೆದ್ದಾರಿಯ ಗಡಿಯೊಳಕ್ಕೆ ಚಾಚಿದ ಶೀಟು, ಕಟ್ಟೆ, ನಾಮಫಲಕಗಳನ್ನು 2002ರ ಹೆದ್ದಾರಿ ನಿಯಂತ್ರಣ ಅಧಿನಿಯಮದಂತೆ ತೆರವುಗೊಳಿಸಬಹುದು. ಹೆದ್ದಾರಿಯಿಂದ ನೇರ ಪ್ರವೇಶ ದಾರಿ ಪಡೆಯಲು ಸಹ ಇದೇ ಅಧಿನಿಯಮದ ಪ್ರಕಾರ ಅನುಮತಿ ಬೇಕು. ಹೊಸ ಗೋದಾಮು ಅಥವಾ ಕಾರ್ಖಾನೆಗೆ ನಿವೇಶನ ಕೊಳ್ಳುವವರು ಇದನ್ನು ಮೊದಲು ವಿಚಾರಿಸುವುದು ಒಳಿತು.

ಸುಂಕದ ಲೆಕ್ಕ

ಹೆದ್ದಾರಿ ಸುಂಕದ ದರಗಳು 2008ರ ನಿಯಮಗಳಿಗೆ ಒಳಪಟ್ಟಿವೆ. ಇವು ಪ್ರತಿ ವರ್ಷ ಪರಿಷ್ಕೃತವಾಗುತ್ತವೆ. 24 ಗಂಟೆಗಳೊಳಗೆ ಹಿಂದಿರುಗುವ ವಾಹನಕ್ಕೆ ಎರಡು ಸುಂಕದ ಬದಲು ಒಂದೂವರೆ ಪಟ್ಟು ಮಾತ್ರ. ತಿಂಗಳಿಗೆ 50 ಸರದಿಯ ಪಾಸಿಗೆ ಮೂರನೆಯ ಒಂದು ಭಾಗ ರಿಯಾಯಿತಿ. ಸುಂಕ ಕೇಂದ್ರದಿಂದ 20 ಕಿಲೋಮೀಟರ್ ಒಳಗೆ ವಾಸಿಸುವವರ ವಾಣಿಜ್ಯೇತರ ವಾಹನಕ್ಕೆ ಸ್ಥಳೀಯ ಮಾಸಿಕ ಪಾಸು ಇದೆ. ಕೇಂದ್ರವಿರುವ ಜಿಲ್ಲೆಯಲ್ಲಿಯೇ ನೋಂದಣಿಯಾದ, ನ್ಯಾಷನಲ್ ಪರ್ಮಿಟ್ ಇಲ್ಲದ ವಾಣಿಜ್ಯ ವಾಹನಕ್ಕೆ ಅರ್ಧ ದರ. ಸೇವಾ ರಸ್ತೆ ಅಥವಾ ಪರ್ಯಾಯ ರಸ್ತೆ ಲಭ್ಯವಿರುವ ಕಡೆ ಸ್ಥಳೀಯ ರಿಯಾಯಿತಿಗಳು ದೊರೆಯದಿರಬಹುದು ಎಂಬ ಷರತ್ತನ್ನು ಗಮನಿಸಬೇಕು. 2021ರ ಫೆಬ್ರವರಿಯಿಂದ ಫಾಸ್ಟ್ಯಾಗ್ ಕಡ್ಡಾಯವಾಗಿರುವುದರಿಂದ ಹಣ ತಾನಾಗಿಯೇ ಕಡಿತವಾಗುತ್ತದೆ. ಹಾಗಾಗಿ ಖಾತೆಯ ವಿವರವನ್ನು ತಿಂಗಳಿಗೊಮ್ಮೆ ಪರಿಶೀಲಿಸದ ಉದ್ಯಮಿಗೆ ರಿಯಾಯಿತಿ ದೊರೆತಿದೆಯೇ ಇಲ್ಲವೇ ಎಂಬುದೇ ತಿಳಿಯುವುದಿಲ್ಲ.

ವಿಸ್ತರಣೆ ಬೇಡವೆನ್ನುವ ವರ್ತಕರು ವಿರಳ. ಸರಕು ವೇಳೆಗೆ ಸರಿಯಾಗಿ ತಲುಪಬೇಕೆಂಬುದು ಎಲ್ಲರ ಬಯಕೆ. ಒಬ್ಬೊಬ್ಬರೇ ಕಚೇರಿಗೆ ಅಲೆಯುವುದಕ್ಕಿಂತ, ಒಂದು ಸಾಲಿನ ಅಂಗಡಿ ಮತ್ತು ಘಟಕಗಳವರು ಒಟ್ಟಾಗಿ ಯೋಜನೆಯ ನಕ್ಷೆಯನ್ನು ನೋಡಿ, ಕೆಳಸೇತುವೆ ಮತ್ತು ಸೇವಾ ರಸ್ತೆಯ ಬೇಡಿಕೆಯನ್ನು 21 ದಿನಗಳ ಅವಧಿಯೊಳಗೆ ಲಿಖಿತವಾಗಿ ಸಲ್ಲಿಸುವುದು ಹೆಚ್ಚು ಫಲಕಾರಿ. ಅದಕ್ಕೆ ಬೇಕಾದ ಕಾಗದ ಪತ್ರಗಳನ್ನು ಅಧಿಸೂಚನೆಗೆ ಕಾಯದೆ ಇಂದೇ ಸರಿಪಡಿಸಿಕೊಳ್ಳಬಹುದು.